ಒಂದು ಹಿಡಿ ಮಣ್ಣಿನ ಸಾಕ್ಷಿ

(ಹೊಸೂರಿನಲ್ಲಿ ನಡೆದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ಎರಡು ಕೂಟಗಳಲ್ಲಿ ಭವಿಷ್ಯನಿಧಿ, ಇ.ಎಸ್.ಐ. ಇವುಗಳ ವಿಷಯವಾಗಿ ತಿಳಿದವರು ಮಾತನಾಡಿದರು. ಈ ಸಲ ಹಿತ್ತಲಿನ ಮಣ್ಣನ್ನು ಪರೀಕ್ಷೆಗೆ ತೆಗೆಯುವುದು ಹೇಗೆಂಬುದನ್ನು ನೀವು ಹೇಳಬೇಕೆಂದು ಕಾರ್ಯದರ್ಶಿಗಳು ನಮ್ಮ ಕಾಲನಿಯವರನ್ನು ಕೇಳಿದಾಗ ನಮ್ಮಲ್ಲಿಯೇ ಕೆಲವರು ನಕ್ಕರು. ಹಗಲೆಲ್ಲಾ ಲೇತ್ ಯಂತ್ರದ ಮುಂದೆ ನಿಲ್ಲುವವರಿಗೆ, ಹೊಲಿಗೆ ಕಾರ್ಖಾನೆಯಲ್ಲಿ ಕೂರುವವರಿಗೆ ಮಣ್ಣಿನ ಮಾತೇಕೆ ಎಂಬುದು ಅವರ ಪ್ರಶ್ನೆ. ಆದರೆ ನಮ್ಮಲ್ಲಿ ಹೆಚ್ಚಿನವರ ತಂದೆತಾಯಿಗಳು ರಾಗಿ ಹೊಲದಲ್ಲಿ ದುಡಿದವರೇ. ಇಂದಿಗೂ ಮನೆಯ ಹಿಂದೆ ಅರ್ಧ ಸೆಂಟು ಜಾಗ ಉಳಿದರೆ ಸಾಕು, ಒಂದು ಸಾಲು ಹುರುಳಿಕಾಯಿ, ಎರಡು ಪಾತಿ ದಂಟಿನ ಸೊಪ್ಪು, ಮೂಲೆಯಲ್ಲೊಂದು ಕರಿಬೇವು ಹಾಕದೆ ನಮಗೆ ನಿದ್ದೆ ಬರುವುದಿಲ್ಲ. ತರಕಾರಿಯ ಬೆಲೆ ಏರಿದ ತಿಂಗಳಲ್ಲಿ ಆ ಅರ್ಧ ಸೆಂಟು ಎಷ್ಟು ನೆರವಾಗುತ್ತದೆ ಎಂಬುದು ಇಲ್ಲಿ ಕುಳಿತಿರುವ ಸಹೋದರಿಯರಿಗೆ ಗೊತ್ತು.

ನಾವು ಕೃಷಿಯನ್ನು ಓದಿದವರಲ್ಲ. ಒಂದು ಸಲ ತಪ್ಪು ಮಾಡಿ, ಇನ್ನೊಂದು ಸಲ ಸರಿಮಾಡಿಕೊಂಡವರು. ಆದುದರಿಂದ ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ.

ನಮ್ಮ ಕಾಲನಿಯಲ್ಲಿ ಹನ್ನೊಂದು ಮನೆಗಳಿವೆ. ಹಿಂದೆ ಅದು ರಾಗಿ ಬೆಳೆಯುತ್ತಿದ್ದ ಕೆಂಪು ಮಣ್ಣಿನ ಹೊಲ. ಅದನ್ನು ಸೈಟುಗಳಾಗಿ ಮಾಡಿದರು, ನಾವು ಸಾಲ ಮಾಡಿ ಕೊಂಡೆವು, ಒಬ್ಬರ ಹಿಂದೆ ಒಬ್ಬರು ಮನೆ ಕಟ್ಟಿದೆವು. ಐದು ವರ್ಷದ ಹಿಂದೆ ಹಲವರ ಹಿತ್ತಲಿನಲ್ಲಿ ಗಿಡಗಳು ಸೊರಗತೊಡಗಿದವು. ಒಬ್ಬರು ಯೂರಿಯಾ ಹಾಕಿ ಎಂದರು, ಇನ್ನೊಬ್ಬರು ಡಿ.ಎ.ಪಿ. ಎಂದರು, ಗೊಬ್ಬರದಂಗಡಿಯವರು ಬಣ್ಣದ ಬಾಟಲಿಯೊಂದನ್ನು ಕೊಟ್ಟರು. ಹಣ ಹೋಯಿತೇ ಹೊರತು ಗಿಡ ಏಳಲಿಲ್ಲ. ಆಗ ನಮ್ಮಲ್ಲಿ ಒಬ್ಬರು, ಸರ್ಕಾರದ ಪ್ರಯೋಗಾಲಯಕ್ಕೆ ಮಣ್ಣು ಕೊಟ್ಟರೆ ಪರೀಕ್ಷಿಸಿ ಹೇಳುತ್ತಾರಂತೆ ಎಂಬ ಸುದ್ದಿ ತಂದರು. ಒಳ್ಳೆಯದಾಯಿತು ಎಂದುಕೊಂಡೆವು. ಹನ್ನೊಂದು ಮನೆಗೆ ಹನ್ನೊಂದು ಚೀಲವೇಕೆ? ಚೀಟಿಯನ್ನು ಒಟ್ಟಿಗೆ ಕಟ್ಟುತ್ತೇವೆ, ಹಬ್ಬದ ಅಡಿಗೆಯನ್ನು ಒಟ್ಟಿಗೆ ಮಾಡುತ್ತೇವೆ, ಮಣ್ಣನ್ನೂ ಒಟ್ಟಿಗೆ ಕೊಡೋಣ ಎಂದು ಪ್ರತಿ ಮನೆಯಿಂದ ಒಂದೊಂದು ಹಿಡಿ ತಂದು ಒಂದೇ ಚೀಲಕ್ಕೆ ಸುರಿದೆವು. ನಮಗೆ ಅದು ಐಕಮತ್ಯದಂತೆ ಕಂಡಿತು.

ಫಲಿತಾಂಶ ಬಂತು. ಸಾರಜನಕ ಕಡಿಮೆ, ರಂಜಕ ಮಧ್ಯಮ, ಪೊಟ್ಯಾಷ್ ಮಧ್ಯಮ, ಲವಣಾಂಶದಿಂದ ತೊಂದರೆಯಿಲ್ಲ. ಅದರಂತೆ ಹನ್ನೊಂದು ಮನೆಯವರೂ ಸೆಂಟಿಗೆ ಇಷ್ಟು ಎಂದು ಲೆಕ್ಕ ಹಾಕಿ ಒಂದೇ ಅಳತೆಯಲ್ಲಿ ಗೊಬ್ಬರ ಹಾಕಿದೆವು. ಕೆಲವರ ಹಿತ್ತಲು ಹಸಿರಾಯಿತು, ಕೆಲವರದ್ದು ಇದ್ದ ಹಾಗೇ ಇತ್ತು. ಕೊನೆಯ ಮನೆಯ ಅಕ್ಕನ ಹಿತ್ತಲಲ್ಲಿ ಮಾತ್ರ ಹುರುಳಿಕಾಯಿಯ ಎಳೆ ಗಿಡಗಳು ಎಲೆಯ ಅಂಚಿನಿಂದ ಸುಟ್ಟಂತಾಗಿ ಹತ್ತು ದಿನದಲ್ಲಿ ಒಣಗಿಹೋದವು. ಸೊಪ್ಪಿನ ಬೀಜ ಮೊಳೆಯಲೇ ಇಲ್ಲ.

ಆ ಅಕ್ಕ ಒಂಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾ, ಹಿತ್ತಲಿನ ಸೊಪ್ಪನ್ನು ಬೆಳಿಗ್ಗೆ ಕಂತೆ ಕಟ್ಟಿ ಬೀದಿಯಲ್ಲಿ ಮಾರಿ, ಆ ಹಣದಲ್ಲಿ ಮಗಳ ಬಸ್ಸಿನ ಖರ್ಚನ್ನು ನೋಡಿಕೊಳ್ಳುತ್ತಿದ್ದರು. ಮೂರು ತಿಂಗಳು ಆ ಹಣ ನಿಂತಿತು. ನಾವು ಹೋಗಿ ನಿಂತಾಗ ಅವರು ಸಿಟ್ಟು ಮಾಡಲಿಲ್ಲ. “ಅಣ್ಣಾ, ನೀವು ಎಲ್ಲರ ಮಣ್ಣನ್ನೂ ಕೇಳಿದಿರಿ, ನನ್ನ ಮಣ್ಣನ್ನು ಕೇಳಲೇ ಇಲ್ಲವಲ್ಲ” ಎಂದರು. ಅದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ.

ಎಲ್ಲಿ ತಪ್ಪಿದೆವೆಂದು ನಮಗೆ ಅರ್ಥವಾದದ್ದು, ನಮ್ಮಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿರುವ ಸಹೋದರರೊಬ್ಬರು ಬಿಡಿಸಿ ಹೇಳಿದಾಗ. ಎರಡು ಯಂತ್ರಗಳು ಬೋಲ್ಟು ಮಾಡುತ್ತಿವೆ ಎನ್ನಿ. ಒಂದರದ್ದು ದಪ್ಪ, ಇನ್ನೊಂದರದ್ದು ತೆಳ್ಳಗೆ. ಎರಡನ್ನೂ ಒಂದೇ ಪೆಟ್ಟಿಗೆಗೆ ಸುರಿದು ಸರಾಸರಿ ತೆಗೆದರೆ ಅಳತೆ ಸರಿಯಾಗಿಯೇ ಬರುತ್ತದೆ. ಆದರೆ ಒಂದು ಬೋಲ್ಟೂ ನಟ್ಟಿಗೆ ಕೂರುವುದಿಲ್ಲ! ಪ್ರಯೋಗಾಲಯದವರ ಲೆಕ್ಕ ತಪ್ಪಿರಲಿಲ್ಲ. ನಾವು ಕಳಿಸಿದ ಚೀಲದೊಳಗೆ ಏನಿತ್ತೋ ಅದನ್ನೇ ಅವರು ಹೇಳಿದ್ದರು. ಅಂಥ ಮಣ್ಣು ಮಾತ್ರ ನಮ್ಮ ಹನ್ನೊಂದು ಮನೆಗಳಲ್ಲಿ ಎಲ್ಲಿಯೂ ಇರಲಿಲ್ಲ.

ಬಿತ್ತುವವನ ಸಾಮ್ಯವನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ್ದೇವೆ. ಅದರಲ್ಲಿ ಒಬ್ಬ ರೈತ ಬಿತ್ತಿದ ಬೀಜವೇ ನಾಲ್ಕು ಬಗೆಯ ನೆಲಕ್ಕೆ ಬೀಳುತ್ತದೆ. ಕಾಲುದಾರಿ, ಬಂಡೆ, ಮುಳ್ಳು, ಒಳ್ಳೆಯ ನೆಲ ಇವನ್ನು ಬೆರೆಸಿ ಒಂದು ಚೀಲಕ್ಕೆ ತುಂಬಿದರೆ ಯಾವ ಪ್ರಯೋಗಾಲಯ ಏನು ಹೇಳೀತು? ಇದನ್ನು ನಾವು ಉಪದೇಶಕ್ಕಾಗಿ ಹೇಳುತ್ತಿಲ್ಲ. ಬೇಸಾಯದ ಮಾತಾಗಿಯೇ ಅದು ಎಷ್ಟು ಸರಿ ಎಂದು ನಮಗೆ ಆ ವರ್ಷ ಹೊಳೆಯಿತು, ಅಷ್ಟೆ.

ಇನ್ನೊಂದು ಲೆಕ್ಕವನ್ನೂ ಕೇಳಿರಿ. ಒಂದು ಎಕರೆಯಲ್ಲಿ ಮೇಲಿನ ಆರು ಅಂಗುಲದ ಮಣ್ಣೇ ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಎರಡು ಸೆಂಟಿನ ಹಿತ್ತಲಾದರೆ ಸುಮಾರು 18 ಸಾವಿರ ಕಿಲೋ. ಅದರಿಂದ ನಾವು ಕಳಿಸುವುದು ಅರ್ಧ ಕಿಲೋ. ಪ್ರಯೋಗಾಲಯದವರು ಆ ಅರ್ಧ ಕಿಲೋವನ್ನೂ ಪೂರ್ತಿ ಬಳಸುವುದಿಲ್ಲ. ಜರಡಿ ಹಿಡಿದು, ಒಂದೊಂದು ಪರೀಕ್ಷೆಗೆ ಕೆಲವು ಗ್ರಾಂ ತೂಗಿಕೊಳ್ಳುತ್ತಾರೆ. ಸಾವಯವ ಇಂಗಾಲದ ಪರೀಕ್ಷೆಗಂತೂ ಒಂದು ಗ್ರಾಂ, ಕೆಲವು ಕಡೆ ಅದಕ್ಕೂ ಕಡಿಮೆ. ಅಂದರೆ ಚಿಟಿಕೆಯಷ್ಟು ಮಣ್ಣು ಇಡೀ ಹಿತ್ತಲಿನ ಪರವಾಗಿ ಸಾಕ್ಷಿ ಹೇಳಬೇಕು. ಸಾಕ್ಷಿಯನ್ನು ಆರಿಸುವವರು ನಾವು. ಪರೀಕ್ಷೆಯಲ್ಲಿ ಆಗುವ ತಪ್ಪಿಗಿಂತ ಮಣ್ಣು ತೆಗೆಯುವಾಗ ಆಗುವ ತಪ್ಪೇ ದೊಡ್ಡದೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ.

ಮಾರನೆಯ ವರ್ಷ ಬೇಸಿಗೆಯಲ್ಲಿ, ಗಿಡಗಳನ್ನೆಲ್ಲಾ ಕಿತ್ತು ನೆಲ ಖಾಲಿಯಾದ ಮೇಲೆ, ಹೊಸ ಗೊಬ್ಬರ ಹಾಕುವುದಕ್ಕೆ ಮುಂಚೆ, ಎರಡನೆಯ ಸಲ ಮಣ್ಣು ತೆಗೆದೆವು. ಕಾಲ ಮುಖ್ಯ. ಗೊಬ್ಬರ ಹಾಕಿದ ಹೊಸದರಲ್ಲಿ ತೆಗೆದರೆ ಗೊಬ್ಬರವನ್ನೇ ಪರೀಕ್ಷೆಗೆ ಕೊಟ್ಟಂತೆ. ಮಳೆ ಬಂದು ಕೆಸರಾಗಿದ್ದಾಗಲೂ ಬೇಡ. ಗಿಡ ಇರುವಾಗಲೇ ತೆಗೆಯಬೇಕಾಗಿ ಬಂದರೆ ಸಾಲಿನ ನಡುವಿನಿಂದ ತೆಗೆಯಬೇಕು.

ಗುದ್ದಲಿ ಮುಟ್ಟುವ ಮುಂಚೆ ಒಂದು ಸಂಜೆ ಎಲ್ಲರೂ ಸೇರಿ ಹಿತ್ತಲುಗಳಲ್ಲಿ ಸುಮ್ಮನೆ ನಡೆದಾಡಿದೆವು. ಯಾವ ಜಾಗ ಹಿಂದೆ ಏನಾಗಿತ್ತು ಎಂದು ಒಬ್ಬರನ್ನೊಬ್ಬರು ಕೇಳಿದೆವು. ಈ ಕೆಲಸವನ್ನು ಯಾರೂ ಬಿಡಬೇಡಿ. ಆ ಸಂಜೆ ಹೊರಬಂದ ಸಂಗತಿಗಳೇ ನಮಗೆ ದಾರಿ ತೋರಿಸಿದವು. ನಾಲ್ಕು ಮನೆಗಳ ಹಿಂದೆ ಮನೆ ಕಟ್ಟುವಾಗ ಗಾರೆ ಕಲಸಿದ ಜಾಗವಿತ್ತು. ಒಡೆದ ಸಿಮೆಂಟು, ಗಾರೆಯ ಚೂರು ಅಲ್ಲಿಯೇ ಹೂತುಹೋಗಿತ್ತು. ಎರಡು ಮನೆಗಳ ಹಿತ್ತಲು ಹಿಂದೆ ಹೊಲದವರ ತಿಪ್ಪೆಯಿದ್ದ ಜಾಗ. ನಾಲ್ಕು ಮನೆಗಳದ್ದು ಕದಲದ ಹಳೆಯ ಹೊಲದ ಮಣ್ಣು. ಅಕ್ಕನ ಮನೆಯ ಹಿತ್ತಲಿಗೆ, ಅದು ತಗ್ಗಾದುದರಿಂದ, ಆಕೆಯ ಬಚ್ಚಲ ನೀರಲ್ಲದೆ ಮೇಲಿನ ಎರಡು ಮನೆಗಳ ಬಟ್ಟೆ ಒಗೆದ ನೀರೂ ಹರಿದು ಬಂದು ಇಂಗುತ್ತಿತ್ತು. ಮೇಲಿನ ಮನೆಯವರಲ್ಲಿ ನಾವೂ ಇದ್ದೆವು ಎಂಬುದನ್ನು ಹೇಳದೆ ಬಿಡುವುದು ಸರಿಯಲ್ಲ.

ಹೀಗೆ ಒಂದೇ ಬಗೆಯದೆಂದು ತೋರಿದ ನೆಲವನ್ನೆಲ್ಲಾ ಒಂದೊಂದು ಗುಂಪು ಮಾಡಿ, ನಾಲ್ಕು ಚೀಲ ಎಂದು ಗೊತ್ತುಮಾಡಿದೆವು. ಹನ್ನೊಂದೂ ಬೇಕಾಗಲಿಲ್ಲ, ಒಂದೂ ಸಾಲದಾಯಿತು. ನೆಲದ ಬಣ್ಣ, ಇಳಿಜಾರು, ಹಿಂದೆ ಹಾಕಿದ ಗೊಬ್ಬರ, ಗಿಡ ಬರುತ್ತಿದ್ದ ರೀತಿ ಇವುಗಳಲ್ಲಿ ವ್ಯತ್ಯಾಸ ಕಂಡಲ್ಲಿ ಬೇರೆ ಚೀಲ, ಇದೇ ನಿಯಮ. ಒಂದೇ ಹಿತ್ತಲಿನಲ್ಲಿ ಒಂದು ಮೂಲೆ ಚೆನ್ನಾಗಿದ್ದು ಇನ್ನೊಂದು ಮೂಲೆ ಬೆಳ್ಳಗೆ ಉಪ್ಪು ಕಟ್ಟಿದ್ದರೆ ಆ ಎರಡನ್ನೂ ಸೇರಿಸಬಾರದು. ಉಪ್ಪಿನ ಪದರವೇ ಇದ್ದರೆ ಅದನ್ನು ಕೆರೆದು ಪ್ರತ್ಯೇಕವಾಗಿ ಕೊಡುವುದು ಒಳ್ಳೆಯದು.

ಇನ್ನು ತೆಗೆಯುವ ರೀತಿ. ಒಂದು ಚೀಲಕ್ಕೆಂದು ಗೊತ್ತುಮಾಡಿದ ಜಾಗದಲ್ಲಿ, ಒಂದೇ ಕಡೆ ಅಗೆಯದೆ, ಕುಡಿದವನ ನಡಿಗೆಯಂತೆ ಅಡ್ಡಾದಿಡ್ಡಿಯಾಗಿ ಹೋಗುತ್ತಾ ಹತ್ತರಿಂದ ಹದಿನೈದು ಕಡೆ ತೆಗೆಯಬೇಕು. (ಈ ಹೋಲಿಕೆಗೆ ಹಿರಿಯರು ಕ್ಷಮಿಸಬೇಕು, ಸಭೆಯಲ್ಲಿ ಎಲ್ಲರಿಗೂ ಬೇಗ ಅರ್ಥವಾಗುವುದು ಅದೇ.) ಚಿಕ್ಕ ಹಿತ್ತಲಾದರೆ ಆರೇಳು ಕಡೆ ಸಾಕು. ಬದುವಿನ ಪಕ್ಕ, ಗೋಡೆಯ ಬುಡ, ಮರದ ನೆರಳು, ತಿಪ್ಪೆಯ ಹತ್ತಿರ, ನಡೆದಾಡುವ ದಾರಿ, ನೀರು ನಿಲ್ಲುವ ಗುಂಡಿ, ಕಸ ಸುಟ್ಟ ಜಾಗ ಇವುಗಳನ್ನು ಬಿಡಬೇಕು. ನಮ್ಮ ಮೊದಲನೆಯ ಸಲದ ಹನ್ನೊಂದು ಹಿಡಿಗಳಲ್ಲಿ ಹೆಚ್ಚಿನವು ಎಲ್ಲಿಂದ ಬಂದಿದ್ದವು ಗೊತ್ತೇ? ಪ್ರತಿಯೊಬ್ಬರೂ ತಮ್ಮ ಹಿತ್ತಲಿನ ಅತ್ಯುತ್ತಮ ಮೂಲೆಯಿಂದ ತಂದಿದ್ದರು. ಪರೀಕ್ಷೆ ಎಂದ ಕೂಡಲೆ ನಮ್ಮ ಮಣ್ಣು ಪಾಸಾಗಬೇಕೆಂಬ ಆಸೆ! ವೈದ್ಯರ ಬಳಿಗೆ ಹೋಗಿ ನೋವಿಲ್ಲದ ಕೈಯನ್ನು ತೋರಿಸಿದಂತಾಯಿತು.

ಮೇಲಿನ ಎಲೆ, ಹುಲ್ಲು, ಕಲ್ಲನ್ನು ಕೈಯಿಂದ ಸರಿಸಿ. ಮಣ್ಣನ್ನು ಕೆರೆಯಬೇಡಿ. ಸನಿಕೆಯಿಂದ ಎರಡು ಕಡೆಯಿಂದಲೂ ಓರೆಯಾಗಿ ಕಡಿದು, ಬಾಯಿ ಅಗಲ ತಳ ಕಿರಿದಾದ, ಆರು ಅಂಗುಲ ಆಳದ ಗುಳಿ ಮಾಡಿ. ಆ ಗುಳಿಯ ಮಣ್ಣು ನಮಗೆ ಬೇಡ, ಪಕ್ಕಕ್ಕೆ ಹಾಕಿ. ಈಗ ಗುಳಿಯ ಒಂದು ಮಗ್ಗುಲಿನಿಂದ, ಮೇಲಿನ ಅಂಚಿನಿಂದ ತಳದವರೆಗೆ, ಒಂದು ಅಂಗುಲ ದಪ್ಪದ ಬಿಲ್ಲೆಯನ್ನು ಬ್ರೆಡ್ ಕೊಯ್ದಂತೆ ಇಳಿಸಿ ತೆಗೆಯಿರಿ. ಮೇಲೂ ಕೆಳಗೂ ಒಂದೇ ದಪ್ಪವಿರಬೇಕು. ಮೇಲೆ ದಪ್ಪ, ಕೆಳಗೆ ತೆಳ್ಳಗೆ ಆದರೆ ಮೇಲ್ಮಣ್ಣಿನ ಮಾತೇ ಹೆಚ್ಚಾಗಿ ಕೇಳಿಸುತ್ತದೆ. ಮೇಲಿನ ಎರಡು ಅಂಗುಲದಲ್ಲಿ ಗೊಬ್ಬರ, ಕೊಳೆತ ಎಲೆ ಎಲ್ಲಾ ಇರುವುದರಿಂದ ನೆಲ ಇರುವುದಕ್ಕಿಂತ ಶ್ರೀಮಂತವಾಗಿ ಕಾಣುತ್ತದೆ. ಗಾರೆ ಕೆಲಸದ ಸಹೋದರರೊಬ್ಬರು ತಮ್ಮ ಕರಣೆಯನ್ನು ಚೆನ್ನಾಗಿ ತೊಳೆದು ತಂದಿದ್ದರು. ಈ ಕೆಲಸಕ್ಕೆ ಅದರಷ್ಟು ಚೆನ್ನಾದ ಉಪಕರಣವನ್ನು ನಾವು ಕಂಡಿಲ್ಲ. ಆರು ಅಂಗುಲಕ್ಕೆ ಗುರುತು ಹಾಕಿದ ಒಂದು ಬಿದಿರು ಕಡ್ಡಿ ಜೊತೆಗಿದ್ದರೆ ಆಳದಲ್ಲಿ ಮೋಸವಾಗುವುದಿಲ್ಲ.

ಆರು ಅಂಗುಲ ಎಂಬುದು ಸೊಪ್ಪು, ತರಕಾರಿ, ರಾಗಿಗೆ. ತೆಂಗು, ಮಾವು ಮೊದಲಾದ ಮರಗಳಿಗೆ ಬೇರು ಆಳಕ್ಕೆ ಹೋಗುವುದರಿಂದ ಮೊದಲ ಅಡಿ, ಎರಡನೆಯ ಅಡಿ, ಮೂರನೆಯ ಅಡಿ ಹೀಗೆ ಮೂರು ಚೀಲ ಬೇರೆ ಬೇರೆ ತೆಗೆಯಬೇಕು. ಅದು ದೊಡ್ಡ ಕೆಲಸ. ಹಿತ್ತಲಿನ ಒಂದು ತೆಂಗಿನ ಮರಕ್ಕಾಗಿ ಅಷ್ಟು ಮಾಡಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ತೆಗೆದ ಬಿಲ್ಲೆಗಳನ್ನೆಲ್ಲಾ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ಸತುವಿನ ಲೇಪವಿರುವ ತಗಡಿನ ಬಕೆಟ್ಟು ಬೇಡ, ತುಕ್ಕು ಹಿಡಿದ ಬಾಂಡ್ಲಿಯೂ ಬೇಡ. ಸತು, ಕಬ್ಬಿಣ ಇವುಗಳನ್ನು ಪ್ರಯೋಗಾಲಯದವರು ಅತಿ ಸೂಕ್ಷ್ಮವಾಗಿ ಅಳೆಯುತ್ತಾರೆ. ಬಕೆಟ್ಟಿನ ಸತುವೇ ನಮ್ಮ ಮಣ್ಣಿನ ಸತುವೆಂದು ಬರೆಯಲ್ಪಟ್ಟೀತು. ಹಾಗೆಯೇ ಗೊಬ್ಬರದ ಖಾಲಿ ಚೀಲದ ಮೇಲೆ ಮಣ್ಣನ್ನು ಹರಡಲೇ ಬಾರದು. ಎಷ್ಟು ಒದರಿದರೂ ಅದರ ನೂಲಿನ ಸಂದಿಯಲ್ಲಿ ಯೂರಿಯಾ ಉಳಿದಿರುತ್ತದೆ. ಬೂದಿ ಅಂಟಿದ ಕೈಯೂ ಬೇಡ.

ಬಕೆಟ್ಟಿನಲ್ಲಿ ನಾಲ್ಕೈದು ಕಿಲೋ ಆಯಿತೆನ್ನಿ. ಅದನ್ನು ಅರ್ಧ ಕಿಲೋಗೆ ಇಳಿಸುವುದು ಹೇಗೆ? ಮೇಲಿನಿಂದ ಒಂದು ಬೊಗಸೆ ತೆಗೆದುಕೊಂಡರೆ ಇಷ್ಟು ಹೊತ್ತು ಪಟ್ಟ ಶ್ರಮವೆಲ್ಲಾ ವ್ಯರ್ಥ. ಶುಭ್ರವಾದ ಹಳೆಯ ಸೀರೆಯ ತುಂಡಿನ ಮೇಲೆ ಸುರಿದು, ಹೆಂಟೆಗಳನ್ನು ಕೈಯಿಂದ ಪುಡಿಮಾಡಿ, ಬೇರು ಕಲ್ಲುಗಳನ್ನು ಆರಿಸಿ ಚೆನ್ನಾಗಿ ಬೆರೆಸಿ. ರೊಟ್ಟಿಯಂತೆ ದುಂಡಗೆ ಹರಡಿ ಬೆರಳಿನಿಂದ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆಯಿರಿ. ನಾಲ್ಕು ಭಾಗವಾಯಿತು. ಎದುರುಬದುರಾದ ಎರಡು ಭಾಗಗಳನ್ನು ತೆಗೆದು ಹಿತ್ತಲಿಗೆ ಎಸೆಯಿರಿ. ಉಳಿದೆರಡನ್ನು ಮತ್ತೆ ಬೆರೆಸಿ, ಮತ್ತೆ ಹರಡಿ, ಮತ್ತೆ ನಾಲ್ಕು ಮಾಡಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೆ ಮಾಡುತ್ತಾ ಹೋಗುವುದು. ಮಕ್ಕಳಿಗೆ ಈ ಕೆಲಸ ಬಹಳ ಇಷ್ಟ, ಅವರಿಗೆ ಬಿಟ್ಟುಕೊಡಬಹುದು. ಆದರೆ ಕಣ್ಣಿಟ್ಟಿರಿ.

ನಂತರ ನೆರಳಿನಲ್ಲಿ ಎರಡು ಮೂರು ದಿನ ಆರಲು ಬಿಡಬೇಕು. ಬಿಸಿಲಿಗೆ ಹಾಕಬಾರದು, ಒಲೆಯ ಪಕ್ಕ ಇಡಬಾರದು. ನಮ್ಮಲ್ಲಿ ಒಬ್ಬರು ಅವಸರದಿಂದ ಹೆಂಚಿನ ಮೇಲೆ ಹುರಿಯಲು ಹೊರಟಿದ್ದರು. ಶಾಖಕ್ಕೆ ಪೊಟ್ಯಾಷಿನಂಥ ಪೋಷಕಾಂಶಗಳ ಲೆಕ್ಕವೇ ಬದಲಾಗುತ್ತದೆ. ಹಾಗೆಂದು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ಸೂಕ್ಷ್ಮ ಜೀವಿಗಳು ತಮ್ಮ ಕೆಲಸ ಮುಂದುವರಿಸಿ ಸಾರಜನಕದ ಲೆಕ್ಕವನ್ನು ಕೆಡಿಸುತ್ತವೆ. ಆದುದರಿಂದ ನೆರಳೂ ಗಾಳಿಯೂ ಬೇಕು. ಆರಿದ ಮೇಲೆ ಹೊಸ ಬಟ್ಟೆಯ ಚೀಲಕ್ಕಾಗಲಿ ಶುಭ್ರ ಪ್ಲಾಸ್ಟಿಕ್ ಚೀಲಕ್ಕಾಗಲಿ ತುಂಬಬಹುದು.

ಚೀಟಿಯ ವಿಷಯಕ್ಕೆ ಬರುತ್ತೇವೆ. ಹೆಸರು, ವಿಳಾಸ, ಸರ್ವೆ ನಂಬರು ಅಥವಾ ಸೈಟಿನ ನಂಬರು, ತೆಗೆದ ತಾರೀಖು, ಆಳ, ಹಿಂದೆ ಬೆಳೆದದ್ದು, ಮುಂದೆ ಬೆಳೆಯುವುದು, ನೀರು ಎಲ್ಲಿಯದು ಇಷ್ಟನ್ನೂ ಎರಡು ಚೀಟಿಯಲ್ಲಿ ಬರೆದು ಒಂದನ್ನು ಚೀಲದ ಒಳಗೆ, ಒಂದನ್ನು ಹೊರಗೆ ಕಟ್ಟಬೇಕು. ಪೆನ್ಸಿಲಿನಿಂದ ಬರೆಯಿರಿ, ಶಾಯಿ ತೇವಕ್ಕೆ ಅಳಿಸಿಹೋಗುತ್ತದೆ. ನಾವು ಗಡಿಯಲ್ಲಿರುವವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ನಮಗೆ ಸಿಕ್ಕ ನಮೂನೆ ತಮಿಳಿನಲ್ಲಿತ್ತು. ಫಲಿತಾಂಶವೂ ತಮಿಳಿನಲ್ಲೇ ಬಂತು. ನಮ್ಮ ತಲೆಯವರಿಗೆ ಅದನ್ನು ಓದಲು ಬರುವುದಿಲ್ಲ, ಶಾಲೆಯಲ್ಲಿ ತಮಿಳು ಕಲಿಯುವ ಮಕ್ಕಳಿಗೆ ಬರುತ್ತದೆ. ಅಕ್ಕನ ಮಗಳೇ ನಾಲ್ಕೂ ಚೀಲಗಳ ಚೀಟಿಯನ್ನು ಬರೆದಳು. ‘ಮುಂದೆ ಬೆಳೆಯುವುದು’ ಎಂಬ ಕಡೆ ಎಲ್ಲರೂ ‘ತರಕಾರಿ’ ಎಂದು ಹೇಳಿದಾಗ, ಯಾವ ತರಕಾರಿ ಎಂದು ಸ್ಪಷ್ಟವಾಗಿ ಹೇಳಿ ಎಂದು ಅವಳೇ ಒತ್ತಾಯಿಸಿದಳು. ಅವಳು ಮಾಡಿದ್ದು ಸರಿ. ಬೆಳೆ ಯಾವುದೆಂದು ತಿಳಿಯದೆ ಗೊಬ್ಬರದ ಶಿಫಾರಸು ಮಾಡಲಾಗುವುದಿಲ್ಲ.

ಇಲ್ಲಿ ಕೆಲವರು ಕೇಳಬಹುದು: ಊರಿನಲ್ಲಿ ನಮ್ಮಣ್ಣನ ಹೊಲಕ್ಕೆ ಮಣ್ಣು ಆರೋಗ್ಯ ಕಾರ್ಡು ಕೊಟ್ಟಿದ್ದಾರಲ್ಲ, ಅದು ಸಾಲದೇ ಎಂದು. ಆ ಯೋಜನೆ 2015ರ ಫೆಬ್ರವರಿಯಲ್ಲಿ ರಾಜಸ್ಥಾನದ ಸೂರತ್‌ಗಢದಲ್ಲಿ ಆರಂಭವಾಯಿತು. ಹನ್ನೆರಡು ಅಂಶಗಳನ್ನು ಪರೀಕ್ಷಿಸಿ ಬರೆದುಕೊಡುವ ಒಳ್ಳೆಯ ಏರ್ಪಾಡು. ಆದರೆ ಅದರ ಮಣ್ಣನ್ನು ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಯದಲ್ಲಿ ಹತ್ತು ಹೆಕ್ಟೇರಿಗೆ ಒಂದು ಎಂಬ ಚೌಕದ ಲೆಕ್ಕದಲ್ಲಿ ತೆಗೆಯುವುದೆಂದು ಗೊತ್ತುಮಾಡಿದ್ದರು. ಹತ್ತು ಹೆಕ್ಟೇರು ಎಂದರೆ ಸುಮಾರು ಇಪ್ಪತ್ತೈದು ಎಕರೆ. ಹನ್ನೊಂದು ಹಿತ್ತಲನ್ನು ಬೆರೆಸಿಯೇ ನಾವು ಕೆಟ್ಟವರು, ಇಪ್ಪತ್ತೈದು ಎಕರೆಯ ಕಾರ್ಡಿನಿಂದ ಬಚ್ಚಲ ಮಗ್ಗುಲಿನ ಸೊಪ್ಪಿನ ಪಾತಿಗೆ ಗೊಬ್ಬರ ಹಾಕುವುದು ಹೇಗೆ?

ಎರಡನೆಯ ಸಲ ಬಂದ ನಾಲ್ಕು ಫಲಿತಾಂಶಗಳು ನಾಲ್ಕು ಕಥೆ ಹೇಳಿದವು. ಹಳೆಯ ಹೊಲದ ಮಣ್ಣಿನಲ್ಲಿ ರಸಸಾರ 6.4, ಅಂದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ. ಆದರೆ ಸಾವಯವ ಇಂಗಾಲ ಅರ್ಧ ಶೇಕಡಕ್ಕಿಂತ ಕೆಳಗೆ. ಅರ್ಧ ಶೇಕಡದ ಕೆಳಗಿದ್ದರೆ ಕಡಿಮೆ, ಮುಕ್ಕಾಲು ಶೇಕಡದ ಮೇಲಿದ್ದರೆ ಹೆಚ್ಚು ಎಂದು ಗಣನೆ. ಅಲ್ಲಿ ಬೇಕಾಗಿದ್ದುದು ಕೊಟ್ಟಿಗೆ ಗೊಬ್ಬರ, ಎಲೆಗೊಬ್ಬರ, ಸ್ವಲ್ಪ ಯೂರಿಯಾ. ತಿಪ್ಪೆಯ ಜಾಗದಲ್ಲಿ ರಂಜಕ ಬೇಕಾದುದಕ್ಕಿಂತ ಎಷ್ಟೋ ಹೆಚ್ಚಿತ್ತು. ಆ ಎರಡು ಮನೆಯವರು ವರ್ಷವರ್ಷವೂ ಡಿ.ಎ.ಪಿ. ಕೊಂಡು ಸುರಿಯುತ್ತಿದ್ದರು! ಆ ಖರ್ಚು ಅಂದೇ ನಿಂತಿತು.

ಗಾರೆಯ ಜಾಗದಲ್ಲಿ ರಸಸಾರ 8.2. ಸಿಮೆಂಟಿನ, ಗಾರೆಯ ಸುಣ್ಣ ಕರಗುತ್ತಾ ನೆಲವನ್ನು ಕ್ಷಾರ ಮಾಡಿತ್ತು. ಕ್ಷಾರ ನೆಲದಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕುವುದಿಲ್ಲ. ಅವರ ಕರಿಬೇವಿನ ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ನಿಂತಿದ್ದುದು ಏಕೆಂದು ಆಗ ತಿಳಿಯಿತು. ಅವರು ಒಲೆಯ ಬೂದಿಯನ್ನು ದಿನವೂ ಅದೇ ಗಿಡದ ಬುಡಕ್ಕೆ ಹಾಕುತ್ತಿದ್ದರು. ಹುಳಿ ಮಣ್ಣಿಗೆ ಬೂದಿ ಒಳ್ಳೆಯದು, ಅಲ್ಲಿ ಅದು ಉರಿಗೆ ತುಪ್ಪವಾಗಿತ್ತು. ಬೂದಿ ನಿಲ್ಲಿಸಿ, ಗಾರೆಯ ಚೂರುಗಳನ್ನು ಅಗೆದು ತೆಗೆದು, ಚೆನ್ನಾಗಿ ಕಳಿತ ಗೊಬ್ಬರ ಹಾಕಿ, ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಎಲೆಗೆ ಸಿಂಪಡಿಸಿದರು. ಹೊಸ ಚಿಗುರು ಹಸಿರಾಗಿ ಬಂತು.

ಅಕ್ಕನ ಹಿತ್ತಲಲ್ಲಿ ರಸಸಾರ 8.7, ಲವಣಾಂಶವನ್ನು ತೋರಿಸುವ ವಿದ್ಯುತ್ ವಾಹಕತೆ 2.1. ಅದು ಒಂದರೊಳಗಿದ್ದರೆ ಭಯವಿಲ್ಲ, ಒಂದರಿಂದ ಮೂರರವರೆಗೆ ಉಪ್ಪು ತಾಳದ ಬೆಳೆಗಳಿಗೆ ಕಷ್ಟ. ಹುರುಳಿಕಾಯಿಯಂತೂ ಉಪ್ಪನ್ನು ಸ್ವಲ್ಪವೂ ತಾಳುವುದಿಲ್ಲ. ಅಂಥ ನೆಲಕ್ಕೆ ನಾವು ಮತ್ತೆ ಯೂರಿಯಾ, ಡಿ.ಎ.ಪಿ. ಗೊಬ್ಬರಗಳನ್ನೇ ಸುರಿಸಿದ್ದೆವು. ಮೊದಲನೆಯ ಚೀಲದಲ್ಲಿ ಅವರ ಒಂದು ಹಿಡಿ ಉಪ್ಪು ಮಣ್ಣು ಮಿಕ್ಕ ಹತ್ತು ಹಿಡಿಗಳಲ್ಲಿ ಕರಗಿಹೋಗಿತ್ತು. ಪ್ರಯೋಗಾಲಯದವರ ಸಲಹೆಯಂತೆ ಮೊದಲು ಸೋಪಿನ ನೀರನ್ನು ಬೇರೆ ಕಡೆಗೆ ತಿರುಗಿಸಿದೆವು. ಮೂರು ಮನೆಯವರು ಎರಡು ಭಾನುವಾರ ಮಧ್ಯಾಹ್ನ ಕೂತು ಪೈಪು ಹಾಕಿದೆವು. ಆಮೇಲೆ ಜಿಪ್ಸಂ ಬೆರೆಸಿ, ನೀರು ಬಸಿದು ಹೋಗಲು ಕಾಲುವೆ ತೋಡಿ, ಮಳೆಗಾಲ ಕಳೆಯಲು ಬಿಟ್ಟೆವು. ಅಲ್ಲಿಯವರೆಗೆ ಉಪ್ಪನ್ನು ತಾಳಿಕೊಳ್ಳುವ ಬೀಟ್‌ರೂಟು, ಪಾಲಕ್ ಹಾಕಿದರು. ಈಗ ಅಲ್ಲಿ ದಂಟು ಬರುತ್ತಿದೆ, ಹುರುಳಿಕಾಯಿಯನ್ನು ಅವರು ಇನ್ನೂ ಹಾಕಿಲ್ಲ.

ಫಲಿತಾಂಶ ಓದುವಾಗ ಒಂದು ಎಚ್ಚರಿಕೆ. ಶಿಫಾರಸು ಹೆಕ್ಟೇರಿಗೆ ಇದೆಯೋ ಎಕರೆಗೆ ಇದೆಯೋ ನೋಡಿಕೊಳ್ಳಿ. ಹೆಕ್ಟೇರಿನದನ್ನು ಎಕರೆಯದೆಂದು ಓದಿದರೆ ಎರಡೂವರೆ ಪಟ್ಟು ಸುರಿದಂತಾಗುತ್ತದೆ. ಎಕರೆಗೆ 50 ಕಿಲೋ ಯೂರಿಯಾ ಎಂದಿದ್ದರೆ ಸೆಂಟಿಗೆ ಅರ್ಧ ಕಿಲೋ, ಅದೂ ಒಂದೇ ಸಲ ಅಲ್ಲ, ಕಂತಿನಲ್ಲಿ. ಹಿತ್ತಲಿನ ಬೇಸಾಯದಲ್ಲಿ ಗೊಬ್ಬರ ಸಾಲದೆ ಕೆಟ್ಟದ್ದಕ್ಕಿಂತ ಹೆಚ್ಚಾಗಿ ಕೆಟ್ಟದ್ದನ್ನೇ ನಾವು ಹೆಚ್ಚು ನೋಡಿದ್ದೇವೆ.

ನಮ್ಮಲ್ಲಿ ನಾಲ್ಕೈದು ಮಂದಿ ಸಹೋದರರು ಕಾರ್ಖಾನೆಗಳಲ್ಲೂ ದೊಡ್ಡ ಮನೆಗಳಲ್ಲೂ ಮಾಲಿ ಕೆಲಸ ಮಾಡುತ್ತಾರೆ. ಹುಲ್ಲುಹಾಸು ಒಣಗಿದರೆ ಮೊದಲು ಬೈಗುಳ ಬರುವುದು ಅವರಿಗೆ. ಅವರು ಗಮನಿಸಬೇಕಾದದ್ದು ಇಷ್ಟು. ಹುಲ್ಲುಹಾಸಿನ ಬೇರು ಮೇಲ್ಪದರದಲ್ಲೇ ಇರುವುದರಿಂದ ಮೂರು ನಾಲ್ಕು ಅಂಗುಲ ಆಳ ಸಾಕು. ಹುಲ್ಲು ಮತ್ತು ಸತ್ತ ಬೇರಿನ ಜೊಂಪನ್ನು ಬಿಡಿಸಿ ಕೆಳಗಿನ ಮಣ್ಣನ್ನು ಮಾತ್ರ ತೆಗೆದುಕೊಂಡು, ಹುಲ್ಲಿನ ಬಿಲ್ಲೆಯನ್ನು ಮತ್ತೆ ಅದೇ ಜಾಗದಲ್ಲಿ ಒತ್ತಿ ನೀರು ಹಾಕಿದರೆ ಗುರುತೂ ಉಳಿಯುವುದಿಲ್ಲ. ಒಣಗಿದ ಮಚ್ಚೆಯ ಮಣ್ಣನ್ನೂ ಹಸಿರಾಗಿರುವ ಭಾಗದ ಮಣ್ಣನ್ನೂ ಬೇರೆ ಬೇರೆ ಕಳಿಸಿ, ಎರಡು ಕಾಗದವನ್ನೂ ಯಜಮಾನರ ಮುಂದಿಡಿ. ಮಾಲಿಯ ಮಾತನ್ನು ನಂಬದವರೂ ಅಚ್ಚಾದ ಅಂಕಿಯನ್ನು ನಂಬುತ್ತಾರೆ.

ಕೊನೆಯದಾಗಿ, ಸಾಮಾನ್ಯ ಮಣ್ಣು ಪರೀಕ್ಷೆ ಏನನ್ನು ಹೇಳುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಅದರಲ್ಲಿ ಸೀಸವನ್ನು ನೋಡುವುದಿಲ್ಲ, ಕೀಟನಾಶಕದ ಉಳಿಕೆಯನ್ನು ನೋಡುವುದಿಲ್ಲ. ಹಳೆಯ ಬ್ಯಾಟರಿ ಒಡೆದ ಜಾಗ, ಬಣ್ಣ ಕೆರೆದು ಸುರಿದ ಜಾಗ, ಕಾರ್ಖಾನೆಯ ಕಸ ತುಂಬಿ ಸಮಮಾಡಿದ ಸೈಟು ನಿಮ್ಮದಾಗಿದ್ದರೆ, ಸಾರಜನಕ ಮಧ್ಯಮ ಎಂಬ ಕಾಗದ ಹಿಡಿದು ಧೈರ್ಯ ತಂದುಕೊಳ್ಳಬೇಡಿ. ಸೀಸ ಮಣ್ಣಿನ ಮೇಲ್ಪದರದಲ್ಲಿ ವರ್ಷಗಟ್ಟಲೆ ಕುಳಿತಿರುತ್ತದೆ, ಮಕ್ಕಳ ಕೈಗೆ ಅಂಟಿ ಬಾಯಿಗೆ ಹೋಗುತ್ತದೆ. ಅಂಥ ಕಡೆ ಸೊಪ್ಪು, ಮೂಲಂಗಿ, ಕ್ಯಾರೆಟ್ಟು ಬೆಳೆಯಬಾರದು. ಬೇರೆ ಮಣ್ಣು ತುಂಬಿದ ತೊಟ್ಟಿಯಲ್ಲಿ ಬೆಳೆದುಕೊಳ್ಳುವುದೇ ಕ್ಷೇಮ. ಪರೀಕ್ಷೆ ಮಾಡಿಸುವುದಾದರೆ ಭಾರಲೋಹದ ಪರೀಕ್ಷೆ ಬೇಕೆಂದು ಬಿಡಿಸಿ ಕೇಳಬೇಕು. ಅದನ್ನು ಎಲ್ಲಾ ಪ್ರಯೋಗಾಲಯಗಳೂ ಮಾಡುವುದಿಲ್ಲ.

ಪ್ರಶ್ನೆಗಳಿದ್ದರೆ ಚಹಾ ಸಮಯದಲ್ಲಿ ಕೇಳಬಹುದು. ಈ ಬೇಸಿಗೆಯಲ್ಲಿ ಮಣ್ಣು ತೆಗೆಯುವ ಕುಟುಂಬಗಳು ಹೆಸರು ಕೊಟ್ಟರೆ ನಾವು ಇಬ್ಬರು ಮೂವರು ಬಂದು ಜೊತೆಗಿರುತ್ತೇವೆ. ಮೊದಲು ಹಿತ್ತಲಿನಲ್ಲಿ ಒಂದು ಸುತ್ತು ನಡೆಯೋಣ, ಆಮೇಲೆ ಎಷ್ಟು ಚೀಲವೆಂದು ಹೇಳುತ್ತೇವೆ. ಕರಣೆ, ಗುರುತಿನ ಕಡ್ಡಿ, ಪ್ಲಾಸ್ಟಿಕ್ ಬಕೆಟ್ಟು ಅಕ್ಕನ ಮನೆಯಲ್ಲಿವೆ, ಯಾರು ಬೇಕಾದರೂ ಒಯ್ಯಬಹುದು. ಆದರೆ ಆ ಬಕೆಟ್ಟಿನಲ್ಲಿ ಬಟ್ಟೆ ನೆನೆಸಬಾರದೆಂಬುದು ಅವರ ಅಪ್ಪಣೆ.